ಗದ್ದಲದ ಅಳತೆ

ಗುರುಬಸವ ಓಣಿಯ ಒಂದು ಮನೆಯ ಮುಂದೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಶಬ್ದ ಅಳೆಯುವ ಮೀಟರು ನಿಲ್ಲಿಸಿ ಗುಂಡಿ ಒತ್ತುವಷ್ಟರಲ್ಲಿ, ಪಕ್ಕದ ಕಲ್ಲು ಪಾಲಿಶ್ ಯಂತ್ರ ಗಕ್ಕನೆ ನಿಂತುಹೋಯಿತು. ತಿರುಗಿ ನೋಡಿದರೆ, ಮನೆಯ ಯಜಮಾನಿ ಅಮೃತಬಾಯಿ ಮುಖದ ಮೇಲಿನ ಕಲ್ಲುಪುಡಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಅತ್ತ ಕಡೆಯಿಂದ ಬರುತ್ತಿದ್ದಳು.

“ದತ್ತುಗ ಹೇಳಿ ಬಂದೆರಿ. ಸಾಹೇಬ್ರು ಅಳತಿ ಮಾಡಾಕತ್ಯಾರ, ಜರಾ ಮಶೀನ ಬಂದ್ ಇಡಪಾ ಅಂದೆ. ಒಂದ ಮಾತಿಗಿ ಬಂದ್ ಮಾಡ್ದ, ಪಾಪ. ಈಗ ನಿಮ್ಮ ಕೆಲಸ ಬರೋಬರ್ ಆಗತದ ನೋಡ್ರಿ.”

ಗುರುಬಸವ ಗುಂಡಿಯಿಂದ ಬೆರಳು ತೆಗೆದ. ತಾಂಡೂರಿನ ಆ ಓಣಿಯ ಹಿಂದಿನ ಖಾಲಿ ಜಾಗದಲ್ಲಿ ದೊಡ್ಡದೊಂದು ಆಫೀಸು ಕಟ್ಟಡ ಏಳಲಿತ್ತು. ಅದನ್ನು ತಂಪಾಗಿಡುವ ಯಂತ್ರಗಳ ಸಾಲು ಬರುವುದು ಸರಿಯಾಗಿ ಅಮೃತಬಾಯಿಯ ಹಿತ್ತಲ ಗೋಡೆಯ ಆಚೆಗೆ. ಹಗಲಿರುಳೂ ಓಡುವ ಯಂತ್ರಗಳು. ಅವುಗಳ ಸದ್ದಿನಿಂದ ಸುತ್ತಲಿನ ಮನೆಗಳಿಗೆ ತೊಂದರೆಯಾದೀತೇ ಎಂದು ವರದಿ ಕೊಡಲು ಕಟ್ಟುವವರು ಹೈದರಾಬಾದಿನ ಒಂದು ಕಂಪನಿಯನ್ನು ಗೊತ್ತು ಮಾಡಿದ್ದರು. ಕಂಪನಿ ಗುರುಬಸವನನ್ನು ಕಳಿಸಿತ್ತು. ಅವನು ಅದೇ ಸೀಮೆಯ ಕೊಹೀರ್ ಕಡೆಯವನು, ಅಲ್ಲಿನ ಮಂದಿಯೊಡನೆ ಅವರದೇ ಕನ್ನಡದಲ್ಲಿ ಮಾತಾಡಿ ಕೆಲಸ ಮುಗಿಸಿಕೊಂಡು ಬರುತ್ತಾನೆ ಎಂಬ ನಂಬಿಕೆಯಿಂದ. ಹೊರಡುವಾಗ ಮೇಲಧಿಕಾರಿ ಒಂದು ಮಾತು ಹೇಳಿದ್ದ: ಓಣಿಯಲ್ಲಿ ಈಗಾಗಲೇ ಗದ್ದಲ ಜಾಸ್ತಿ ಇದೆ ಎಂದು ಬಂದಷ್ಟೂ ನಮ್ಮ ಯಂತ್ರಗಳ ಸದ್ದು ಸಣ್ಣದಾಗಿ ಕಾಣುತ್ತದೆ, ಪಾಲಿಶ್ ಯಂತ್ರ ಓಡುತ್ತಿರುವಾಗಲೇ ಅಳೆದುಕೊಂಡು ಬಾ.

ಒಳಗಿನಿಂದ ಅಮೃತಬಾಯಿಯ ಗಂಡ ಕಾಶಪ್ಪ ಚಹದ ಲೋಟ ಹಿಡಿದು ಬಂದ. ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಏನೋ ಅಂದ, ತುಟಿ ಮಾತ್ರ ಅಲ್ಲಾಡಿತು. ಗುರುಬಸವ ಬಾಗಿ ಅವನ ಬಾಯಿಯ ಹತ್ತಿರ ಕಿವಿ ಒಯ್ದ.

“ಚಾ ಕುಡೀರಿ.” ಬರೀ ಉಸಿರಿನಷ್ಟು ದನಿ.

“ಗಂಟಲಿಂದು ಆಪರೇಶನ್ ಆಗ್ಯದರಿ,” ಎಂದಳು ಅಮೃತಬಾಯಿ. “ಮೊದಲ ಯಾಲಾಲ್ ಕಡಿ ಕುರಿ ಹೊಡಕೊಂಡು ಹೋದ್ರ, ಇವರ ಒಂದ ಕೂಗಿಗಿ ಇಡೀ ಹಿಂಡು ತಿರುಗಿ ಬರತಿತ್ತು. ಈಗ ಇಷ್ಟ ದನಿ ಉಳದದ. ಸಂಜಿಕ ದತ್ತುನ ಮಶೀನ ನಿಂತ ಮ್ಯಾಲ ನಾವಿಬ್ರು ಮಾತಾಡಾಕ ಕುಂದರತೀವಿ. ಹಗಲೆಲ್ಲ ಹೊಟ್ಯಾಗ ಇಟ್ಟಕೊಂಡಿದ್ದು ಆವಾಗ ಹೇಳತಾರ.”

ಕಾಶಪ್ಪ ನಾಚಿಕೊಂಡು ನಕ್ಕ. ಅಷ್ಟರಲ್ಲಿ ಗುರುಬಸವನ ಫೋನು ಅದುರಿತು. ಆಯಿತೇ ಎಂದು ಮೇಲಧಿಕಾರಿ ಕೇಳುತ್ತಿದ್ದ. “ಆಗ್ತಾ ಇದೆ ಸರ್,” ಎಂದು ಫೋನು ಜೇಬಿಗಿಟ್ಟವನು, ಗಂಡಹೆಂಡತಿ ಇಬ್ಬರ ಮುಖವನ್ನೂ ನೋಡದೆ ಮೀಟರಿನ ಸ್ಟ್ಯಾಂಡು ಸರಿಪಡಿಸುತ್ತ ಹೇಳಿದ:

“ಆ ಮಶೀನ ಚಾಲೂ ಮಾಡಸ್ರಿ ಬಾಯಿ. ದಿನಾ ಹೆಂಗ ಇರತದ, ಹಂಗೇ ಅಳೀಬೇಕಾಗತದ.”

ಅಮೃತಬಾಯಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಅವಳ ಮುಖ ಅರಳಿತು. “ಹೌದಲ್ಲ! ಇಲ್ಲಿ ಮೊದಲೇ ಇಷ್ಟು ಗದ್ದಲ ಅದ ಅಂತ ಬಂದ್ರ, ಇನ್ನೊಂದು ಗದ್ದಲ ತಂದು ಹಾಕಬ್ಯಾಡ್ರಿ ಅಂತಾರ. ಹಂಗಲ್ರಿ?”

ಯಾರಿಗಾದರೂ ಹಾಗೆಯೇ ಅನಿಸಬೇಕು. ಗುರುಬಸವ ಮೀಟರಿನ ಕಡೆಗೇ ಬಾಗಿದ.

“ಹೂಂ,” ಎಂದ.

ಅವಳಿಗೆ ಅಷ್ಟೇ ಬೇಕಿತ್ತು. ಓಣಿಯ ಉದ್ದಕ್ಕೂ ಸುದ್ದಿ ಹೇಳುತ್ತ ಓಡಿದಳು. ದತ್ತು ಯಂತ್ರಕ್ಕೆ ದೊಡ್ಡದೊಂದು ಚಪ್ಪಡಿಯನ್ನೇ ಕೊಟ್ಟ. ಎದುರುಮನೆಯ ಸಾಯಮ್ಮ ಕಿಟಕಿ ತೆರೆದಿಟ್ಟು ಟಿ.ವಿ. ದನಿ ಏರಿಸಿದಳು. ಯಾರೋ ಖಾಲಿ ಮಿಕ್ಸರ್ ತಿರುಗಿಸಿದರು, ಯಾರೋ ನಿಂತ ಬೈಕನ್ನು ನಿಂತಲ್ಲೇ ಗುರುಗುಟ್ಟಿಸಿದರು. ಅಮೃತಬಾಯಿ ತಾಟಿಗೆ ಸೌಟಿನಿಂದ ಬಾರಿಸುತ್ತ, ಇಷ್ಟು ಸಾಕೇ ಎಂಬಂತೆ ಅವನತ್ತ ನೋಡಿ ನಗುತ್ತಿದ್ದಳು. ಕಾಶಪ್ಪನೂ ಸುಮ್ಮನೆ ಕೂರಲಿಲ್ಲ. ಎದ್ದು ನಿಂತು, ಮೀಟರಿನ ಎದುರಿಗೆ ಬಂದು, ಹಿಂಡನ್ನು ಕರೆಯುವವನಂತೆ ಬಾಯಿ ಅಗಲಿಸಿ ಕೂಗಿದ. ಕೊರಳಿನ ನರಗಳು ಉಬ್ಬಿದವು. ದನಿ ಹೊರಡಲಿಲ್ಲ.

ಗುರುಬಸವನಿಗೆ ತಡೆಯಲಾಗಲಿಲ್ಲ. “ಸಾಕ್ರಿ! ಬಂದ್ ಮಾಡ್ರಿ! ಇದು ನಿಮಗೇ ಉಲ್ಟಾ ಆಗತದ್ರಿ!” ಎಂದು ಎರಡೂ ಕೈ ಬೀಸಿದ. ಅವನ ಮಾತು ಅವನಿಗೇ ಕೇಳಿಸಲಿಲ್ಲ. ಕೈ ಬೀಸಿದ್ದು ಕಂಡ ಅಮೃತಬಾಯಿ, ಇನ್ನೂ ಜೋರು ಬೇಕೆಂದುಕೊಂಡು ತಾಟನ್ನು ಇನ್ನಷ್ಟು ಬಡಿದಳು. ಹೇಳಿಯಂತೂ ಆಯಿತು ಎಂದು ಅವನ ಎದೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು. ಆದರೂ ಮೀಟರು ನಿಲ್ಲಿಸಲು ಕೈ ಮುಂದೆ ಹೋಗಲಿಲ್ಲ.

ಅಳತೆ ಮುಗಿಯಿತು. ಮೇಲಧಿಕಾರಿ ಕನಸಿನಲ್ಲೂ ನೆನೆಸದಂಥ ಅಂಕಿ ಬಂದಿತ್ತು. ಗುರುಬಸವ ಅದನ್ನು ಉಳಿಸಿಕೊಂಡು, ಸಾಕು ಎಂದು ಸನ್ನೆ ಮಾಡಿದ. ಒಂದೊಂದಾಗಿ ಎಲ್ಲವೂ ನಿಂತವು. ಹೆಂಗಸರು ಏದುಸಿರು ಬಿಡುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ಅವನ ಸುತ್ತ ನೆರೆದರು. ಕಾಶಪ್ಪ ಅವನ ತೋಳು ಮುಟ್ಟಿದ.

“ನಡುವ ಏನೋ ಒದರಿದ್ರಿ ನೀವು,” ಎಂದು ಪಿಸುಗುಟ್ಟಿದ. “ನಿಮ್ಮ ತುಟಿ ನೋಡ್ದೆ. ಈ ಗದ್ದಲದಾಗ ಯಾರಿಗೂ ಕೇಳಸಲಿಲ್ಲ. ಈಗ ಹೇಳ್ರಿ.”

ನಗುತ್ತಿದ್ದವರೆಲ್ಲ ಸುಮ್ಮನಾಗಿ ಅವನತ್ತ ತಿರುಗಿದರು. ಓಣಿಯಲ್ಲಿ ಈಗ ಎಂಥ ಮೆಲುದನಿಯೂ ಕೇಳಿಸುವಂತಿತ್ತು.

“ಏನಿಲ್ರಿ ಕಾಕಾ,” ಎಂದ ಗುರುಬಸವ. “ಭಾಳ ಚಲೋ ಆತು ಅಂದೆ.”