ಉಂಗುರದ ಅಳತೆ

"ತಡೀರಿ ಸಿಸ್ಟರ್, ಬೆಸುಗೆ ಇರೋ ಕಡೆ ಕತ್ತರಿಸಿ," ಎಂದು ಅಕ್ಕಸಾಲಿಗ ಹೆಂಡತಿಯ ಬಾತ ಬೆರಳನ್ನು ಹಿಡಿದುಕೊಂಡ. ತಾನೇ ಮಾಡಿದ ಉಂಗುರ ಮಾಂಸದಲ್ಲಿ ಹೂತು, ಬೆರಳ ತುದಿ ನೀಲಿಗಟ್ಟಿತ್ತು. ಅವಳಿಗೆ ಎಚ್ಚರವಿರಲಿಲ್ಲ.

"ಔಷಧಿಗೆ ರಕ್ತದಲ್ಲಿರೋ ಬ್ಯಾಕ್ಟೀರಿಯಾ ಸಾಯ್ತಿದೆ ಅಂದ್ರಲ್ಲ ಡಾಕ್ಟ್ರೇ, ಮತ್ತೆ ಈ ಊತ ಯಾಕೆ?" ಎಂದು ಮಂಚದ ಪಕ್ಕ ನಿಂತಿದ್ದ ಡಾಕ್ಟರನ್ನು ಕೇಳಿದ.

"ಸತ್ತ ಬ್ಯಾಕ್ಟೀರಿಯಾದ ಚೂರು ತಗುಲಿದರೂ ಸಾಕು, ಮೈ ಕಾಯೋ ರಕ್ಷಣಾ ಕೋಶಗಳ ಮೇಲೆ ರೋಗಾಣು ಗುರುತಿಸೋಕೆ ಇರೋ ಗ್ರಾಹಕಗಳು ಶತ್ರು ಬಂದ ಅಂತ ಬೊಬ್ಬೆ ಹೊಡೀತವೆ. ಆ ಗಲಾಟೆಗೆ ರಕ್ತನಾಳಗಳೇ ಸೋರಿ, ಮೈಯಲ್ಲಿ ನೀರು ತುಂಬ್ತಿದೆ."

"ಅಂದ್ರೆ, ಕಾಯೋರೇ ಇವಳಿಗೆ ಮುಳುವಾದ್ರು."

"ಹೂಂ. ಅವು ತಣ್ಣಗಾಗಬೇಕು. ಔಷಧಿ ಕೊಡ್ತಿದೀವಿ, ನೋಡೋಣ."

ಯಾರ ಕಣ್ಣಿಗೂ ಕಾಣದ ಬೆಸುಗೆಯನ್ನು ಅವನು ಉಗುರಿನಿಂದ ತಡವಿ ತೋರಿಸಿದ. ನರ್ಸ್ ಕತ್ತರಿಸಿದಳು. ಉಂಗುರ ಬಾಯಿ ಬಿಟ್ಟಿತು. ಬೆರಳಲ್ಲಿ ಆಳವಾದ ಗೆರೆಯೊಂದು ಉಳಿಯಿತು. ದಿನಾ ಮಧ್ಯಾಹ್ನ ಅಂಗಡಿಗೆ ಬುತ್ತಿ ತಂದು, ಅವನ ಊದುಗೊಳವೆ ಕಸಿದುಕೊಂಡು, "ಚಿನ್ನ ಎಲ್ಲಿಗೂ ಓಡಿಹೋಗಲ್ಲ, ಮೊದಲು ಉಣ್ಣಿ" ಎಂದು ಗದರುತ್ತಿದ್ದವಳ ಕೈ ಅದು. ಈಗ ಮುಷ್ಟಿ ಹಿಡಿಯಲೂ ಆಗದೆ ಹಾಸಿಗೆಯ ಮೇಲೆ ಬಿದ್ದಿತ್ತು.

"ಇವರು ಹುಷಾರಾಗೋದ್ರೊಳಗೆ ಬೆಸೆದಿಟ್ಟುಬಿಡಿ," ಎಂದಳು ನರ್ಸ್, ಉಂಗುರವನ್ನು ಅವನ ಅಂಗೈಗಿಡುತ್ತ. "ನಿಮಗೆ ಅಳತೆ ಗೊತ್ತೇ ಇರುತ್ತಲ್ಲ."

ಗೊತ್ತಿಲ್ಲದೆ ಏನು? ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದ. ಆದರೂ ಅವನು ಇಲ್ಲವೆಂದು ತಲೆ ಅಲ್ಲಾಡಿಸಿ, ಬಾಯಿಬಿಟ್ಟ ಉಂಗುರವನ್ನು ಹಾಗೆಯೇ ಜೇಬಿಗೆ ಹಾಕಿಕೊಂಡು, ಹೆಂಡತಿಯ ಕಿವಿಯ ಬಳಿ ಬಾಗಿದ.

"ಅಳತೆ ಮರೆತೇಹೋಯ್ತು ಕಣೇ. ನೀನೇ ಅಂಗಡಿಗೆ ಬಂದು ಕೊಡಬೇಕು."