ಹಾಯಿಯ ಹಗ್ಗ

“ಹಗ್ಗ ಕಟ್ಟಬ್ಯಾಡ ನೋಡವ್ವಾ, ಕೈಯಾಗ ಹಿಡಕೊಂಡಿರು.” ಸುಂಕಣ್ಣ ಸೊಸೆಗೆ ಹೀಗೆ ಹೇಳಿದ್ದು ಅದು ನಾಲ್ಕನೆಯ ಸಲ.

“ಸರೇ ಮಾವಾ, ಕಟ್ಟಂಗಿಲ್ಲ,” ಎಂದು ಮೌನಿಕಾ ವೇಲನ್ನು ಸೊಂಟಕ್ಕೆ ಬಿಗಿದು ದೋಣಿ ಹತ್ತಿದಳು. ನಿನ್ನೆ ಸಂಜೆ ಕೆರೆಯ ಆಚೆ ದಡದಲ್ಲಿ ಬಲೆ ಬಿಟ್ಟು ಬಂದ ಗಂಡ ಜಗದೀಶ, ನಸುಕಿನಲ್ಲಿ ಫೋನು ಬಂತೆಂದು ಹತ್ತಿ ತುಂಬಿದ ಲಾರಿ ಏರಿ ಹೋಗಿಬಿಟ್ಟಿದ್ದ. ಸುಂಕಣ್ಣನಿಗೆ ಆದೋನಿಯಲ್ಲಿ ಕಣ್ಣಿನ ಆಪರೇಷನ್ ಆಗಿ ವಾರವಾಗಿತ್ತು. ನೀರಿಗೆ ಇಳಿಯಲೇಬಾರದೆಂದು ಹೇಳಿ ಡಾಕ್ಟರು ಕಪ್ಪು ಕನ್ನಡಕ ಹಾಕಿ ಕಳಿಸಿದ್ದರು. ಬಿಸಿಲೇರಿದರೆ ಬಲೆಯಲ್ಲಿ ಸಿಕ್ಕ ಮೀನೆಲ್ಲ ಹಾಳು. ಮೌನಿಕಾ ಮಾವನ ಜೊತೆ ನಾಲ್ಕಾರು ಸಲ ದೋಣಿಯಲ್ಲಿ ಹೋಗಿ ಬಂದವಳೇ. ಒಬ್ಬಳೇ ಹೋಗುತ್ತಿರುವುದು ಮಾತ್ರ ಇದೇ ಮೊದಲು.

“ನಾ ಆ ಕಡೆ ಮುಖ ಮಾಡಿ ಕುಂದ್ರತೀನಿ. ನಾ ನೋಡಾಕತ್ತಿದ್ರ ನಿನಗ ಕೈ ನಡಗ್ತಾವ,” ಎಂದು ಸುಂಕಣ್ಣ ಕೆರೆಗೆ ಬೆನ್ನು ಹಾಕಿ ಕೂತು, ಹರಿದ ಬಲೆಯೊಂದನ್ನು ತೊಡೆಯ ಮೇಲೆ ಎಳೆದುಕೊಂಡ.

“ಬಲಿ ಕೆಳಗ ಇಡ್ರಿ ಮಾವಾ. ಕಣ್ಣಿಗೆ ತ್ರಾಸಾಗ್ತೈತಿ.”

“ಬಲಿ ಹೆಣ್ಯಾಕ ಕಣ್ಣು ಯಾಕ ಬೇಕವ್ವಾ? ಬೆರಳು ಸಾಕು. ಕತ್ತಲದಾಗೂ ಹೆಣೀತೀನಿ, ಒಂದು ಗಂಟು ತಪ್ಪಂಗಿಲ್ಲ.”

ಗಾಳಿ ಇನ್ನೂ ಎದ್ದಿರಲಿಲ್ಲ. ಮೌನಿಕಾ ಹುಟ್ಟು ಹಾಕುತ್ತ ಸಲೀಸಾಗಿ ಆಚೆ ದಡ ಸೇರಿದಳು. ಬಲೆ ಎತ್ತಿದರೆ ಎರಡು ಬುಟ್ಟಿ ತುಂಬ ಮೀನು, ಇನ್ನೂ ಬಾಲ ಬಡಿಯುತ್ತಿದ್ದವು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಗಾಳಿ ಶುರುವಾಯಿತು. ಹಳೆಯ ಎರಡು ಸೀರೆ ಜೋಡಿಸಿ ಹೊಲಿದ ಹಾಯಿಯನ್ನು ಏರಿಸಿದಳು. ಹಾಯಿ ಉಬ್ಬಿತು, ದೋಣಿ ತಾನಾಗಿಯೇ ಹೊರಟಿತು. ಅವಳಿಗೆ ನಗು ತಡೆಯಲಾಗಲಿಲ್ಲ.

ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಹಗ್ಗ. ಸ್ವಲ್ಪ ದೂರ ಬರುವಷ್ಟರಲ್ಲಿ ಹಗ್ಗದ ಕೈ ಉರಿಯತೊಡಗಿತು. ದೇವನಕೊಂಡದ ಕಡೆಯ ಒಕ್ಕಲು ಮನೆಯಲ್ಲಿ ಬೆಳೆದವಳು. ಹಗ್ಗ ಎಳೆದಾಡಿದರೆ ಗೂಟಕ್ಕೆ ಕಟ್ಟುವುದೇ ಅವಳ ಕೈಗೆ ಗೊತ್ತಿದ್ದ ದಾರಿ. ತನಗೇ ಅರಿವಿಲ್ಲದಂತೆ ಅದನ್ನು ಅಡ್ಡಹಲಗೆಗೆ ಸುತ್ತಿ, ಎತ್ತು ಕಟ್ಟುವಂತೆ ಕಟ್ಟಿಬಿಟ್ಟಳು.

ನಡುಕೆರೆಯಲ್ಲಿ ಗಾಳಿ ಒಮ್ಮೆಲೇ ಪಕ್ಕಕ್ಕೆ ತಿರುಗಿ ನುಗ್ಗಿತು. ಕಟ್ಟಿದ ಹಗ್ಗ ಹಾಯಿಯನ್ನು ಸಡಿಲ ಬಿಡದೆ ದೋಣಿ ಒಂದು ಬದಿಗೆ ವಾಲಿತು. ನೀರು ಒಳಗೆ ಬಂತು, ಒಂದು ಬುಟ್ಟಿ ಉರುಳಿ ಕಾಲಿಗೆ ಬಡಿಯಿತು. ಆಗ ಮಾವನ ಮಾತು ನೆನಪಾಯಿತು. ಆದರೆ ಅವಳು ಹಾಕಿದ್ದು ಕೊಟ್ಟಿಗೆಯ ಗಂಟು. ಎತ್ತು ಬೆದರಿದಾಗ ತುದಿ ಹಿಡಿದು ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುವಂಥದ್ದು. ಜಗ್ಗಿದಳು. ಹಗ್ಗ ಸುರ್ರನೆ ಸಡಿಲವಾಯಿತು, ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ಮೆಲ್ಲಗೆ ನೆಟ್ಟಗಾಯಿತು.

ಒಳಗೆ ಬಂದ ನೀರನ್ನು ಬೊಗಸೆಯಿಂದ ಹೊರಗೆ ಚೆಲ್ಲಿ, ಉರುಳಿದ ಬುಟ್ಟಿಯನ್ನು ಎತ್ತಿಟ್ಟಳು. ಆಮೇಲೆ ಹಗ್ಗವನ್ನು ಕೈಗೆ ತೆಗೆದುಕೊಂಡು, ತವರಿನಲ್ಲಿ ಎಳೆಯ ಹೋರಿಯನ್ನು ನಡೆಸುತ್ತಿದ್ದಂತೆ, ಅದು ಜಗ್ಗಿದಾಗ ಬಿಡುತ್ತ, ಸುಮ್ಮನಾದಾಗ ಎಳೆದುಕೊಳ್ಳುತ್ತ ಬಂದಳು. ಉಳಿದ ದಾರಿಯಲ್ಲಿ ದೋಣಿ ಒಮ್ಮೆಯೂ ಹಟ ಮಾಡಲಿಲ್ಲ.

ದಡಕ್ಕೆ ಬಂದಾಗ ಸುಂಕಣ್ಣ ಕೆರೆಗೆ ಬೆನ್ನು ಹಾಕಿಯೇ ಕೂತಿದ್ದ.

“ಬಂದೆ ಮಾವಾ.”

“ಬಂದ್ಯಾ? ಇಷ್ಟ ಲಗೂನ ಬಂದ್ಯಾ?”

“ತಿರುಗಿ ನೋಡಿದ್ರೇನ್ರಿ?”

“ನಾ ಯಾಕ ನೋಡ್ಲವ್ವಾ? ನಂದು ನಾ ಹೆಣಕೋತ ಕುಂತಿದ್ದೆ,” ಎನ್ನುತ್ತ ಬುಟ್ಟಿ ಇಳಿಸಿಕೊಳ್ಳಲು ಎದ್ದ. ಅವನ ಜೊತೆಗೆ ಬಲೆಯೂ ಎದ್ದಿತು.

ಮೌನಿಕಾ ಮೀನು ಬಿಟ್ಟು ಓಡಿಬಂದು ಅವನ ಮುಂದೆ ಮೊಣಕಾಲೂರಿದಳು. ಮೊದಲ ಒಂದು ಗೇಣು ಗಂಟುಗಳು ಅಳತೆ ಹಿಡಿದಂತೆ ನೇರವಾಗಿದ್ದವು. ಅಲ್ಲಿಂದ ಮುಂದೆ, ಒಂದೂ ಬಿಡದೆ, ಪ್ರತಿ ಗಂಟಿನಲ್ಲೂ ಅವನ ಪಂಚೆಯ ಅಂಚು ಸೇರಿಕೊಂಡಿತ್ತು.

ಸುಂಕಣ್ಣ ಕಪ್ಪು ಕನ್ನಡಕವನ್ನು ಸರಿಮಾಡಿಕೊಂಡ. “ಈ ಕಣ್ಣಿಂದ ಹಿಂಗಾತು ನೋಡವ್ವಾ.”

“ಹೌದ್ರಿ ಮಾವಾ, ಕಣ್ಣಿಂದನ,” ಎಂದು ಮೌನಿಕಾ ಒಂದೊಂದೇ ಗಂಟು ಬಿಚ್ಚತೊಡಗಿದಳು.