ದಣಿದ ನೀರು

ನದಿಯಿಂದ ಕೊಳವೆಯಲ್ಲಿ ಬಹುದೂರ ಬಂದ ನೀರು ದಣಿದಿರುತ್ತಿತ್ತು. ಅದನ್ನು ಎರಡು ದಿನ ಟ್ಯಾಂಕಿನಲ್ಲಿ ಮಲಗಿಸಿ ಆಮೇಲೆಯೇ ಊರಿಗೆ ಬಿಡಬೇಕು. ಇಲ್ಲವಾದರೆ ಕುಡಿದವರಿಗೆ ಆ ದಣಿವು ತಗಲಿ, ಮಾರನೆಯ ಮಧ್ಯಾಹ್ನದವರೆಗೂ ಏಳಲಾಗುತ್ತಿರಲಿಲ್ಲ. ಕೈಯಿಟ್ಟು ನೀರಿನ ಆಯಾಸ ಇಳಿಯಿತೋ ಇಲ್ಲವೋ ನೋಡುವುದು, ಜಲಮಂಡಳಿಗೆ ಇಂಟರ್ನ್‌ಶಿಪ್ಪಿಗೆ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿನಿ ಇಂಚರಳ ಕೆಲಸ. ಪ್ರತಿ ಸಲವೂ ಒಂದಿಷ್ಟು ದಣಿವು ಅವಳ ಮೈಗೂ ಏರುತ್ತಿತ್ತು.

ಆ ದಿನ ಒಂದನೇ ಟ್ಯಾಂಕಿಗೆ ಕೈಯಿಟ್ಟಾಗ ತೋಳಿಗೆ ಕಲ್ಲು ಕಟ್ಟಿದಂತಾಯಿತು.

"ಸರ್, ಇದಿನ್ನೂ ಮಲಗೇ ಇಲ್ಲ. ಪೇಟೆಗೆ ಬಿಟ್ರೆ ನಾಳೆ ಮಕ್ಕಳು ಹತ್ತನೇ ಕ್ಲಾಸ್ ಪರೀಕ್ಷೆಗೆ ಹೇಗೆ ಏಳ್ತಾರೆ?" ಎಂದು ಫೋನಿನಲ್ಲಿ ಕೇಳಿದಳು.

"ಜನ ಕೊಡ ಇಟ್ಕೊಂಡು ರಸ್ತೇಲಿ ಕೂತಿದ್ದಾರೆ, ಬಿಡಮ್ಮ," ಎಂದರು ಎಂಜಿನಿಯರ್ ಚನ್ನಕೇಶವ. "ಎರಡನೇ ಟ್ಯಾಂಕು ನಮ್ಮ ಕ್ವಾರ್ಟರ್ಸಿಗೆ. ಅದನ್ನ ಮುಟ್ಬೇಡ."

ಇಂಚರಳಿಗೆ ವಾದಿಸುವ ಶಕ್ತಿ ಉಳಿದಿರಲಿಲ್ಲ. ಎರಡನೇ ಟ್ಯಾಂಕಿಗೂ ಕೈಯಿಟ್ಟು ನೋಡಿದಳು; ಆ ನೀರು ಎರಡು ದಿನ ಮಲಗಿ ಹಗುರಾಗಿತ್ತು. ನೀರುಗಂಟಿ ಮುದ್ದಣ್ಣನನ್ನು ಕರೆದಳು.

"ಎರಡನೇದನ್ನ ಪೇಟೆಗೆ ಬಿಡಿ ಮುದ್ದಣ್ಣ. ಒಂದನೇದು ಕ್ವಾರ್ಟರ್ಸಿಗೆ ಹೋಗ್ಲಿ."

"ನೀನೂ ಅಲ್ಲೇ ಇರೋದಲ್ವೇನವ್ವ?"

"ಹೂಂ."

ಮುದ್ದಣ್ಣ ವಾಲ್ವ್ ತಿರುಗಿಸಿದ.

ಸಂಜೆ ಕ್ವಾರ್ಟರ್ಸಿನ ತನ್ನ ಕೋಣೆಯಲ್ಲಿ ಇಂಚರ ನಲ್ಲಿಯಿಂದ ಲೋಟ ತುಂಬಿಸಿಕೊಂಡಳು. ಬೈಗುಳ ತಪ್ಪಿದ್ದಲ್ಲ, ಸರ್ಟಿಫಿಕೇಟೂ ಸಿಗಲಿಕ್ಕಿಲ್ಲ. ಆದರೆ ಬಯ್ಯಬೇಕಾದವರು ನಾಳೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಅಷ್ಟರಲ್ಲಿ ಮಕ್ಕಳು ಪರೀಕ್ಷೆ ಬರೆದು ಮುಗಿಸಿರುತ್ತಾರೆ. ಅವಳು ನೀರನ್ನು ಗಟಗಟನೆ ಕುಡಿದು, ಚಪ್ಪಲಿಯನ್ನೂ ಬಿಚ್ಚದೆ ಮಲಗಿಬಿಟ್ಟಳು.